ಹದಿನೇಳನೇ ಮರದ ಬುಡಕ್ಕೆ ಒಂದು ಹಿಡಿ ಮಣ್ಣು

ನಮ್ಮ ಅತ್ತಿಗೆ ಯಾರ ಮನೆಯ ಪಾತ್ರೆಯನ್ನೂ ಖಾಲಿ ವಾಪಸ್ ಕಳಿಸಿದವರಲ್ಲ. ಪಕ್ಕದ ಮನೆಯವರು ಒಂದು ಡಬ್ಬಿಯಲ್ಲಿ ಏನಾದರೂ ಕೊಟ್ಟರೆ, ಆ ಡಬ್ಬಿಯನ್ನು ತೊಳೆದು ಒರೆಸಿ ಒಳಗೆ ನಾಲ್ಕು ಚಮಚ ಸಕ್ಕರೆಯನ್ನೋ ಎರಡು ನಿಂಬೆಹಣ್ಣನ್ನೋ ಹಾಕಿಯೇ ಕೊಡಬೇಕು. ಮನೆಯಲ್ಲಿ ಏನೂ ಇಲ್ಲದ ಒಂದು ದಿನ ಬೆಂಕಿಪೊಟ್ಟಣ ಹಾಕಿ ಕಳಿಸಿದ್ದರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಈಗ ಆ ನಗು ನೆನೆದರೆ ಮೈ ಉರಿಯುತ್ತದೆ. ಈ ಒಂದು ಅಭ್ಯಾಸದಿಂದ ಆದ ಅನಾಹುತವನ್ನು ಬರೆಯಲು ಕೂತಿದ್ದೇನೆ. ಅದರಲ್ಲಿ ನನ್ನ ಪಾಲೂ ಇದೆ. ಅದರ ಬಗ್ಗೆ ಇದುವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ನನಗೆ ನಲವತ್ತಾರು ದಾಟಿದೆ. ಆದರೂ ಅತ್ತಿಗೆಯ ಬಾಯಲ್ಲಿ ನಾನು ಪುಟ್ಟಿ. ಅವರು ಅಣ್ಣನನ್ನು ಮದುವೆಯಾಗಿ ಬಂದಾಗ ನಾನು ಎರಡು ಜಡೆಯ ಹುಡುಗಿ. ಹೆಸರು ಅಲ್ಲೇ ನಿಂತುಬಿಟ್ಟಿತು, ನಾನೂ ಅವರ ಜೊತೆ ಅದೇ ಮನೆಯಲ್ಲಿ ಉಳಿದೆ. ಇಬ್ಬರಿಗೂ ಅರಣ್ಯ ಇಲಾಖೆಯ ಒಂದೇ ಆವರಣದಲ್ಲಿ ಕೆಲಸ. ನಾನು ಕಚೇರಿಯಲ್ಲಿ ಟೈಪಿಸ್ಟ್, ಅವರು ಹಿಂದಿನ ನರ್ಸರಿಯಲ್ಲಿ ಸಸಿ ಬೆಳೆಸುವವರು. ನಾನು 'ಅತ್ತಿಗೆ, ಅತ್ತಿಗೆ' ಎಂದು ಕೂಗಿ ಕೂಗಿ ಕೊನೆಗೆ ಜವಾನನಿಂದ ಹಿಡಿದು ಸಾಹೇಬರವರೆಗೆ ಎಲ್ಲರಿಗೂ ಅವರು ಅತ್ತಿಗೆಯೇ ಆದರು. ಅಣ್ಣ ಪೇಟೆ ಬೀದಿಯಲ್ಲಿ ದರ್ಜಿ. "ಇಡೀ ಇಲಾಖೆಗೆ ನಾನೇ ಅಣ್ಣ ಆದ ಹಾಗಾಯ್ತಲ್ಲ, ಒಂದು ಜೀಪಾದ್ರೂ ಕಳಿಸ್ತಾರಾ ಕೇಳು" ಎಂದು ಗೊಣಗುತ್ತಿದ್ದ.

ಊರ ಹಿಂದೆ ಬೆಟ್ಟ. ಅದರ ನೆತ್ತಿಗಿಂತ ತುಸು ಕೆಳಗೆ, ಮೋಡ ಬಂದು ಕೂರುವ ಒಂದು ಪಟ್ಟಿಯಲ್ಲಿ ಮಾತ್ರ ಮಂಜು ಮರ ಬೆಳೆಯುತ್ತದೆ. ಪುಸ್ತಕದವರು ಅದನ್ನು ಶಂಕುಧಾರಿ ಎನ್ನುತ್ತಾರೆ. ಹೂ ಬಿಡುವ ಜಾತಿಯಲ್ಲ, ಎಲೆ ಸೂಜಿಯಷ್ಟು ಸಣ್ಣ. ತಣ್ಣನೆಯ ದೇಶಗಳಲ್ಲಿ ಇದರ ದಾಯಾದಿಗಳು ಲೆಕ್ಕವಿಲ್ಲದಷ್ಟು ಇವೆಯಂತೆ. ನಮ್ಮ ಬಿಸಿಲು ಸೀಮೆಯಲ್ಲಿ ಇದು ಒಂಟಿ. ಮಂಜು ಆ ಸೂಜಿಗಳ ತುದಿಗೆ ಹನಿಗಟ್ಟಿ ತೊಟ್ಟಿಕ್ಕುವುದರಿಂದ ಬೇಸಿಗೆಯಲ್ಲೂ ಮರದ ಬುಡ ಒದ್ದೆ. ಊರಿನ ಹಳ್ಳ ಹುಟ್ಟುವುದೂ ಅಲ್ಲಿಯೇ. ಹಿಂದಿನವರು ನೆಟ್ಟಗಿನ ಕಾಂಡ ನೋಡಿ ತೊಲೆಗೆಂದು, ಪೆಟ್ಟಿಗೆಗೆಂದು ಕಡಿದು ಮುಗಿಸಿದರು. ಕೊಡಲಿಯವರು ಕಾಲಿಡಲು ಹೆದರಿದ ಇಳಿಜಾರಿನಲ್ಲಿ ನಲವತ್ತೊಂದು ಉಳಿದವು. ಒಂದೊಂದಕ್ಕೂ ಅಲ್ಯೂಮಿನಿಯಂ ಬಿಲ್ಲೆ ಹೊಡೆದು ಸಂಖ್ಯೆ ಕೊಟ್ಟಿದ್ದಾರೆ. ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಕೊಡುವ ಹೆಣ್ಣು ಏಳೇ ಏಳು. ಸಾಲದ್ದಕ್ಕೆ ಈಗೀಗ ಸೆಕೆ ಹೆಚ್ಚಿ ಮೋಡ ವರ್ಷ ವರ್ಷ ಮೇಲಕ್ಕೆ ಸರಿಯುತ್ತಿದೆ. ಅದರ ಹಿಂದೆ ಈ ಮರದ ಸಂತಾನವೂ ಮೇಲೇರಬೇಕು, ಆದರೆ ಮೇಲೆ ಬೆಟ್ಟವೇ ಮುಗಿದಿದೆ.

ಬೀಜವಂತೂ ಬಲು ಹಟಮಾರಿ. ಒಣಗಿಸಿದರೆ ಸತ್ತಿತು, ಡಬ್ಬಿಯಲ್ಲಿ ತುಂಬಿಟ್ಟರೂ ಸತ್ತಿತು. ಮರದಿಂದ ಇಳಿಸಿದ ಹತ್ತು ಹನ್ನೆರಡು ದಿನದೊಳಗೆ ಒದ್ದೆ ಪಾಚಿಯಲ್ಲಿ ಸುತ್ತಿ ತಂದು ಬಿತ್ತಬೇಕು. ಹಾಗೆ ಬಿತ್ತಿದ ಸಸಿಗಳೂ ಎಂಟು ತಿಂಗಳಿಗೆ ಮುಖ ಬಾಡಿಸಿ ಒಂದೊಂದೇ ಸಾಯುತ್ತಿದ್ದವು. ದೊಡ್ಡ ದೊಡ್ಡವರು ಬಂದು ಗೊಬ್ಬರ ಹೇಳಿದರು, ನೆರಳು ಹೇಳಿದರು, ಯಾವುದೂ ಹಿಡಿಯಲಿಲ್ಲ. ಸುಮಾರು ಹದಿನೆಂಟು ವರ್ಷದ ಹಿಂದೆ ಒಂದು ದಿನ ಕುಂಡಗಳಿಗೆ ಮಣ್ಣು ಸಾಲದೆ ಬಂದಾಗ, ಬೀಜ ತಂದ ಚೀಲದ ತಳದಲ್ಲಿದ್ದ ಬೆಟ್ಟದ ಮಣ್ಣನ್ನೇ ಅತ್ತಿಗೆ ಕೊಡವಿ ಹಾಕಿದರು. ಆ ಕುಂಡಗಳ ಸಸಿಗಳು ಮಾತ್ರ ಬದುಕಿದವು. ತಾಯಿಮರದ ಬುಡದ ಮಣ್ಣಲ್ಲಿರುವ ಯಾವುದೋ ಬೂಷ್ಟು ಸಸಿಯ ಬೇರಿಗೆ ಅನ್ನ ಉಣಿಸುತ್ತದೆಯೆಂದು ಆಮೇಲೆ ಓದಿದವರು ವಿವರಿಸಿದರು. ಅತ್ತಿಗೆಗೆ ಆ ವಿವರಣೆ ಬೇಕಿರಲಿಲ್ಲ. "ಹೊಸಾ ಮನೆಗೆ ಹೋಗೋ ಮಗೂಗೆ ತಾಯಿ ಸೀರೆ ತುಂಡು ಹೊದೆಸ್ತೀವಲ್ಲ, ಹಾಗೇ" ಎಂದರು. ಅಂದಿನಿಂದ ಒಂದೊಂದು ಕುಂಡಕ್ಕೂ ತಾಯಿಮರದ ಒಂದು ಹಿಡಿ ಮಣ್ಣು. ಬಲಿತ ಸಸಿಗಳನ್ನು ಮಳೆಗಾಲದಲ್ಲಿ ದೂರದ ಎತ್ತರದ ಬೆಟ್ಟಗಳಿಗೆ ಒಯ್ದು ನೆಡುತ್ತಿದ್ದರು.

ಅಣ್ಣ ಅವರಿಗೆ ಒಂದು ಕ್ಯಾನ್ವಾಸ್ ಚೀಲ ಹೊಲಿದುಕೊಟ್ಟ. ಅದಕ್ಕೆ ಎರಡು ಹೊಟ್ಟೆ. ಒಂದು ಮೇಲಿನಿಂದ ಮಣ್ಣು ತರಲು. ಇನ್ನೊಂದು ಯಾಕೆಂದು ಕಚೇರಿಯಲ್ಲಿ ಯಾರೂ ಕೇಳಲಿಲ್ಲ, ಬುತ್ತಿಗೆ ಇರಬೇಕು ಎಂದುಕೊಂಡರು. ನನಗೆ ಗೊತ್ತಿತ್ತು. ಬುಡದಿಂದ ಮಣ್ಣು ತೆಗೆದರೆ ಗುಂಡಿ ಬೀಳುತ್ತದೆ, ಬೇರು ಬಿಸಿಲಿಗೆ ಬರುತ್ತದೆ. ಅದಕ್ಕೇ ಪ್ರತಿ ಸಲ ಮೇಲೆ ಹೋಗುವಾಗ ನರ್ಸರಿಯ ಹದ ಮಾಡಿದ ಮಣ್ಣನ್ನು ಹೊತ್ತು, ಏಳೂ ತಾಯಿಮರಗಳ ಗುಂಡಿ ತುಂಬಿ ಬರುತ್ತಿದ್ದರು. "ಬರೀ ಕೈಯಲ್ಲಿ ಹೋಗಿ ತುಂಬಿದ ಕೈಯಲ್ಲಿ ಬರೋಕೆ ನಾಚಿಕೆ ಆಗಲ್ವೇನೇ?" ಎನ್ನುತ್ತಿದ್ದರು. ಎಲ್ಲಕ್ಕಿಂತ ಮೇಲೆ, ಬೋಳು ಬಂಡೆಯ ಪಕ್ಕ ನಿಂತ ಹದಿನೇಳನೇ ಮರಕ್ಕೆ ಒಂದು ಹಿಡಿ ಹೆಚ್ಚು. ಬದುಕಿದ ಮೊದಲ ಸಸಿಗಳ ತಾಯಿ ಅದು.

ಹದಿಮೂರು ವರ್ಷ ಇದರಿಂದ ಯಾರಿಗೂ ಏನೂ ಆಗಲಿಲ್ಲ.

ಹದಿನಾಲ್ಕನೇ ವರ್ಷ ಪೇಟೆಯ ವೃತ್ತವನ್ನು ಅಲಂಕರಿಸಲೆಂದು ಎಲ್ಲಿಂದಲೋ ಒಂದು ಲಾರಿ ಅಂದದ ಗಿಡ ಬಂತು. ಜಾಗ ಸಿದ್ಧವಾಗುವವರೆಗೆ ಅವನ್ನು ನಮ್ಮ ನರ್ಸರಿಯಲ್ಲೇ ಇಳಿಸಿದರು. ಎರಡು ತಿಂಗಳು ಕಳೆದ ಮೇಲೆ, ಸುಡುಬಿಸಿಲಿನ ದಿನಗಳಲ್ಲಿ, ನಮ್ಮ ಸಸಿಗಳ ತುದಿ ತುಕ್ಕು ಬಣ್ಣಕ್ಕೆ ತಿರುಗಿತು. ಅತ್ತಿಗೆ ಒಂದು ಸಸಿಯನ್ನು ಕಿತ್ತು ಬೇರನ್ನು ಬೆರಳಲ್ಲಿ ಎಳೆದರು. ಸಿಪ್ಪೆ ಕಾಲುಚೀಲದ ಹಾಗೆ ಜಾರಿ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದು ನಿಂತರು.

ಸಸ್ಯರೋಗದ ವಿಜ್ಞಾನಿಯೊಬ್ಬರನ್ನು ಕರೆಸಿದರು. ಬಡಕಲು ಮನುಷ್ಯ, ಮೆಲುದನಿ. ಸದಾ ಕೊಳೆತದ್ದನ್ನೇ ಹುಡುಕಿ ಮೂಸುತ್ತಿದ್ದರಿಂದ ನಾನು ಅವರಿಗೆ ಕೊಳೆ ಮೇಷ್ಟ್ರು ಎಂದು ಹೆಸರಿಟ್ಟೆ. ಬೇರುಕೊಳೆ ರೋಗ, ಅಂದದ ಗಿಡಗಳ ಜೊತೆ ಬಂದದ್ದು, ಮಣ್ಣಲ್ಲೂ ನೀರಲ್ಲೂ ಹರಡುತ್ತದೆ ಎಂದರು. ಮಳೆಗಾಲಕ್ಕೆ ಮೂರು ವಾರವಿತ್ತು. ಸಾಹೇಬರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿದರು.

"ಇಲ್ಲಿಂದ ಮೇಲಕ್ಕೆ ಮಣ್ಣೇನಾದ್ರೂ ಹೋಗಿದೆಯಾ? ಹೋಗಿದ್ರೆ ಈಗ್ಲೇ ಹೇಳ್ಬಿಡಿ. ಮಳೆ ಬಿದ್ರೆ ನಮ್ಮ ಕೈಲಿ ಏನೂ ಇರಲ್ಲ."

"ಛೆ ಛೆ, ಮೇಲಿಂದ ಕೆಳಕ್ಕೆ ಬರುತ್ತೆ ಅಷ್ಟೇ. ಕೆಳಗಿಂದ ಯಾರ್ ಹೊರ್ತಾರೆ ಸಾರ್?" ಎಂದು ಸಾಹೇಬರು ನಕ್ಕರು. ನನ್ನ ಕಡೆ ತಿರುಗಿ, "ಬರ್ಕೊಳ್ಳಿ, ಹೋಗಿಲ್ಲ ಅಂತ" ಎಂದರು.

ಅತ್ತಿಗೆ ಬಾಗಿಲ ಬಳಿ ನಿಂತಿದ್ದರು, ಹೆಗಲಲ್ಲಿ ಆ ಚೀಲ. ಹಿಂದಿನ ತಿಂಗಳಷ್ಟೇ ಅದನ್ನು ಹೊತ್ತು ಏಳೂ ಮರಗಳಿಗೆ ಹೋಗಿಬಂದಿದ್ದರು. ನಾನು ಚೀಲವನ್ನು ನೋಡಿದೆ. ಆದರೆ ಬೆರಳು ನಿಲ್ಲಲಿಲ್ಲ, 'ಹೋಗಿಲ್ಲ' ಎಂದು ಟೈಪ್ ಮಾಡಿದೆ.

ಅಂದು ಸಂಜೆ ಅಡುಗೆಮನೆಯಲ್ಲಿ ಅತ್ತಿಗೆ ಒಲೆಯ ಮುಂದೆ ನಿಂತೇ ಇದ್ದರು. ಹಾಲು ಉಕ್ಕಿ ಹರಿದು ಒಲೆ ಆರಿತು. ಅದು ಅವರಿಗೆ ಕಾಣಲಿಲ್ಲ.

"ನಾಳೆ ಹೋಗಿ ಹೇಳ್ಬಿಡ್ತೀನಿ ಪುಟ್ಟಿ."

"ನಿಮಗೇನು ತಲೆ ಕೆಟ್ಟಿದೆಯಾ?" ಎಂದು ರೇಗಿದೆ. "ಹದಿನಾಲ್ಕು ವರ್ಷ ಯಾರನ್ನೂ ಕೇಳ್ದೆ ಹೊತ್ತಿದೀನಿ ಅಂದ್ರೆ ನಿಮ್ಮನ್ನ ಉಳಿಸ್ತಾರಾ? ರಿಪೋರ್ಟ್ ನಾನೇ ಟೈಪ್ ಮಾಡಿದೀನಿ, ನನ್ನನ್ನೂ ಬಿಡಲ್ಲ. ಮೇಲಿನ ಮರ ಚೆನ್ನಾಗೇ ಇವೆ. ಸುಮ್ನೆ ಬಾಯಿ ಮುಚ್ಕೊಂಡಿರಿ, ಯಾರಿಗೂ ಗೊತ್ತಾಗಲ್ಲ."

"ಮರಕ್ಕೆ ಗೊತ್ತಾಗಲ್ವೇನೇ?"

ಉತ್ತರವಿಲ್ಲದಾಗ ಜೋರಾಗಿ ಮಾತಾಡುವುದು ನನ್ನ ಚಾಳಿ. ಅಣ್ಣನ ಆಣೆ, ಮನೆಯ ಮರ್ಯಾದೆ ಎಂದೆಲ್ಲ ದನಿ ಏರಿಸಿ ಅವರ ಬಾಯಿ ಕಟ್ಟಿದೆ.

ಒಂಬತ್ತು ದಿನ ಅವರು ಸುಮ್ಮನಿದ್ದರು. ಆ ಒಂಬತ್ತು ದಿನ ನಮ್ಮಿಬ್ಬರಿಗೂ ಅನ್ನ ಮೈಗೆ ಹತ್ತಲಿಲ್ಲ. ಅತ್ತಿಗೆ ಬಟ್ಟೆ ಒಣಹಾಕುವ ನೆಪದಲ್ಲಿ ತಾಸಿಗೊಮ್ಮೆ ಹಿತ್ತಲಿಗೆ ಹೋಗಿ ಆಕಾಶ ನೋಡುವರು. ಒಣಗಿದ ಬಟ್ಟೆಯನ್ನೇ ಮತ್ತೆ ಒದ್ದೆ ಮಾಡಿ ಒಣಹಾಕುವರು. ಬೆಟ್ಟದ ಮೇಲೆ ಬೆರಳಗಲ ಮೋಡ ಕಂಡರೂ ಅವರ ಕೈ ಕುತ್ತಿಗೆಗೆ ಹೋಗುತ್ತಿತ್ತು. "ಏನಾಯ್ತೇ ಇವಳಿಗೆ? ಹವಾಮಾನ ಇಲಾಖೆಗೆ ವರ್ಗ ಆಯ್ತಾ?" ಎಂದು ಅಣ್ಣ ಕೇಳಿದ. ನಾನು ಸಿಡುಕಿ ಅವನ ಬಾಯಿಯನ್ನೂ ಮುಚ್ಚಿಸಿದೆ. ಕಚೇರಿಯಲ್ಲಿ ಯಾರ ಚಪ್ಪಲಿ ಸದ್ದಾದರೂ, ಗೊತ್ತಾಗಿಯೇ ಬಿಟ್ಟಿತು ಎಂದು ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದೆ.

ಹತ್ತನೇ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ಬೆಟ್ಟದ ಆಚೆ ಮೊದಲ ಗುಡುಗು. ಅತ್ತಿಗೆ ಲೋಟವನ್ನು ಕೆಳಗಿಟ್ಟರು, ಗೂಟದಿಂದ ಚೀಲ ತೆಗೆದರು, ಹೊರಟರು. ನನ್ನನ್ನು ತಿರುಗಿ ನೋಡಲೇ ಇಲ್ಲ. ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಹಿಂದೆ ಓಡಿದೆ. ಕಚೇರಿ ಮೆಟ್ಟಿಲಲ್ಲಿ ನೋಡಿಕೊಂಡರೆ ಒಂದು ನನ್ನದು, ಇನ್ನೊಂದು ಅಣ್ಣನದು.

ಕೊಳೆ ಮೇಷ್ಟ್ರ ಮುಂದೆ ಚೀಲವನ್ನಿಟ್ಟು ಅತ್ತಿಗೆ ಎಲ್ಲವನ್ನೂ ಹೇಳಿದರು. ಅಳಲಿಲ್ಲ, ತಡವರಿಸಲಿಲ್ಲ. ಸಾಹೇಬರು ಕುರ್ಚಿ ದೂಡಿಕೊಂಡು ಎದ್ದು ಕೂಗಾಡಿದರು. ಮೇಷ್ಟ್ರು ಮಾತ್ರ ಪೆನ್ನು ತೆರೆದು, ಮರದ ಯಾವ ಪಕ್ಕ, ಎಷ್ಟು ಆಳ ಎಂದು ಕೇಳಿದರು. "ಏರು ಪಕ್ಕ ಸಾರ್, ಮೊಣಕೈ ಆಳ. ಹದಿನೇಳಕ್ಕೆ ಒಂದು ಹಿಡಿ ಜಾಸ್ತಿ." ಮೇಷ್ಟ್ರು ಆ ಸಂಖ್ಯೆಯ ಅಡಿಗೆ ಎರಡು ಗೆರೆ ಎಳೆದರು. ಹದಿನೇಳು ಎಲ್ಲಕ್ಕಿಂತ ಮೇಲಿರುವ ಮರ. ಅದರ ಬುಡ ತೊಳೆದ ನೀರು ಉಳಿದ ನಲವತ್ತರ ಬುಡಕ್ಕೂ ಇಳಿಯುತ್ತದೆ.

ಆಗ ಸಾಹೇಬರು ನನ್ನ ಕಡೆ ತಿರುಗಿದರು. "ಒಂದೇ ಮನೇಲಿರೋರು ನೀವು. ನಿಮಗೆ ಗೊತ್ತಿತ್ತೇನ್ರಿ?"

"ಇಲ್ಲ ಸಾರ್" ಎಂದೆ.

ಅತ್ತಿಗೆ ನೆಲ ನೋಡುತ್ತ ನಿಂತಿದ್ದರು.

ಅಂದೇ ಏಳೂ ಗುಂಡಿಗಳಿಂದ ಮಣ್ಣು ತಂದರು. ದಾಖಲೆ ಕೋಣೆಯ ಉದ್ದನೆ ಮೇಜಿನ ಮೇಲೆ ಏಳು ಪ್ಲಾಸ್ಟಿಕ್ ಬೋಗುಣಿ. ಒಂದೊಂದರಲ್ಲೂ ಒಂದೊಂದು ಮರದ ಮಣ್ಣು, ಮೇಲೆ ನೀರು, ನೀರಿನಲ್ಲಿ ಅರ್ಧ ಮುಳುಗಿ ತೇಲುವ ಒಂದೊಂದು ಮರಸೇಬು. ಮಣ್ಣಲ್ಲಿ ರೋಗವಿದ್ದರೆ ಅದು ಈಜಿ ಬಂದು ಹಣ್ಣಿಗೆ ಕಚ್ಚಿಕೊಳ್ಳುತ್ತದೆ, ಕಂದು ಮಚ್ಚೆ ಬೀಳುತ್ತದೆ ಎಂದರು ಮೇಷ್ಟ್ರು. ಇಷ್ಟು ದೊಡ್ಡ ವಿಷಯವನ್ನು ಹಣ್ಣಿನ ಅಂಗಡಿಯ ಮರಸೇಬು ತೀರ್ಮಾನಿಸುತ್ತದೆಯೇ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದು ವಾರ ಕಾಯಬೇಕಿತ್ತು.

ಅತ್ತಿಗೆಯನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ಅವರು ಹೊರಗೆ, ಕಿಟಕಿಯ ಸರಳು ಹಿಡಿದು ನಿಲ್ಲುವರು. ನಾನು ಒಳಗೆ ಹೋಗಿ ನೋಡಿ ಬಂದು ಹೇಳಬೇಕು. ಮೊದಲ ದಿನ ಏನಿಲ್ಲ. ಎರಡನೇ ದಿನ ಏನಿಲ್ಲ. ಮೂರನೇ ದಿನವೂ ಏನಿಲ್ಲ ಎಂದಾಗ ಅವರು ಅರ್ಧ ಲೋಟ ಮಜ್ಜಿಗೆ ಕುಡಿದರು. ನಾಲ್ಕನೇ ದಿನ ಹದಿನೇಳರ ಬೋಗುಣಿಯಲ್ಲಿ, ಹಣ್ಣಿನ ಸೊಂಟದ ಹತ್ತಿರ, ಸಾಸಿವೆಯಷ್ಟು ಒಂದು ಚುಕ್ಕೆ. ಅದು ಅಂಗಡಿಯಿಂದಲೇ ಬಂದ ಗಾಯವಿರಬಹುದು ಎಂದುಕೊಂಡೆ. ಐದನೇ ದಿನಕ್ಕೆ ಅದು ಹೆಬ್ಬೆರಳಗಲವಾಗಿತ್ತು. ಮೇಷ್ಟ್ರು ಹೊರಗೆ ಹೋಗಿ ತಾವೇ ಅತ್ತಿಗೆಗೆ ತಿಳಿಸಿದರು. ಅತ್ತಿಗೆ ತಲೆಯಾಡಿಸಿದರು. ಆಮೇಲೆ ಕಿಟಕಿಯ ಸರಳಿನಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು.

ಉಳಿದ ಆರು ಹಣ್ಣು ಏಳನೇ ದಿನವೂ ಶುದ್ಧವಾಗಿದ್ದವು.

ಹದಿನೇಳರ ಸುತ್ತ ತಂತಿ ಬಿಗಿದು, ಕೆಳಗೆ ಉದ್ದಕ್ಕೂ ಕಾಲುವೆ ತೋಡಿ, ಅಲ್ಲಿನ ನೀರು ಬಂಡೆಯ ಆಚೆ ಬದಿಗೆ ಹೋಗುವಂತೆ ಮಾಡಿದರು. ಕಾಂಡಕ್ಕೆ ತೂತು ಕೊರೆದು ಔಷಧಿ ಚುಚ್ಚಿದರು. ನರ್ಸರಿಯ ಸಸಿಗಳನ್ನು, ಆರೋಗ್ಯವಾಗಿ ಕಂಡವನ್ನೂ ಸೇರಿಸಿ, ಗುಡ್ಡೆ ಹಾಕಿ ಸುಟ್ಟರು. ಅತ್ತಿಗೆ ತಾವೇ ಹೊತ್ತು ತಂದು ಹಾಕಿದರು, ಬೇರೆಯವರಿಗೆ ಮುಟ್ಟಗೊಡಲಿಲ್ಲ. ಕಾಲುವೆ ಮುಗಿದ ಎರಡನೇ ದಿನ ಮಳೆ ಸುರಿಯಿತು. "ಇನ್ನೆರಡು ದಿನ ತಡ ಆಗಿದ್ರೆ ನಲವತ್ತೊಂದೂ ಹೋಗ್ತಿತ್ತು" ಎಂದರು ಮೇಷ್ಟ್ರು. ಸಾಹೇಬರ ಕೋಣೆಯ ಕಿಟಕಿಯಿಂದ ಮಳೆ ನೋಡುತ್ತ, "ಇನ್ನೊಂದು ವಾರ ಮೊದ್ಲೇ ಗೊತ್ತಾಗಿದ್ರೆ ಹದಿನೇಳಕ್ಕೂ ಔಷಧಿ ಚೆನ್ನಾಗಿ ಹಿಡೀತಿತ್ತು" ಎಂದರು. ಆ ವಾರ ಯಾರ ಬಾಯಿಂದ ಹೋಯಿತು ಎಂಬುದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು.

ಅತ್ತಿಗೆಯ ಕೆಲಸ ಹೋಗಲಿಲ್ಲ, ಮೇಷ್ಟ್ರು ತಡೆದರು. ಆದರೆ ಬೆಟ್ಟ ಹತ್ತುವಂತಿಲ್ಲ ಎಂದು ಆದೇಶವಾಯಿತು. ಆ ಆದೇಶವನ್ನೂ ನಾನೇ ಟೈಪ್ ಮಾಡಿದೆ. ಬೆಟ್ಟದ ದಾರಿ ಶುರುವಾಗುವ ಗೇಟಿನಲ್ಲಿ ಅವರಿಗೆ ಒಂದು ಸ್ಟೂಲು, ಒಂದು ಬ್ರಷ್ಷು, ಔಷಧಿ ನೀರಿನ ತಟ್ಟೆ ಕೊಟ್ಟರು. ಮೇಲೆ ಹೋಗುವವರ ಬೂಟಿನ ಅಡಿಯನ್ನು ಉಜ್ಜಿ ತೊಳೆಯಬೇಕು. ಯಾರಾದರೂ ಸರಿ, ಸಾಹೇಬರಾದರೂ ಸರಿ, ಎರಡೂ ಅಂಗೈ ಬಿಡಿಸಿ ತೋರಿಸದೆ ಅತ್ತಿಗೆ ಗೇಟು ತೆಗೆಯುವುದಿಲ್ಲ. "ಏನೂ ತಗೊಂಡು ಹೋಗ್ತಿಲ್ಲ ತಾನೆ? ಜೇಬು? ಬರೀ ಕೈಲಿ ಹೋಗಿ, ಅದೇ ಒಳ್ಳೇದು" ಎನ್ನುತ್ತಾರೆ. ಅದನ್ನು ಅವರ ಬಾಯಿಂದ ಕೇಳುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಮುಂದಿನ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಗೇಟಿನಿಂದ ಹದಿನೇಳು ಬಂಡೆಯ ಪಕ್ಕ ಒಂಟಿಯಾಗಿ ಕಾಣುತ್ತದೆ, ಆದರೆ ಅವರ ಪಾಲಿಗೆ ಬೆಟ್ಟವೆಲ್ಲ ಒಂದೇ ಮಸುಕು. ದಿನಾ ಬೆಳಿಗ್ಗೆ ನಾನು ಕಚೇರಿಯ ದುರ್ಬೀನು ಹಿಡಿದು ನೋಡಿ ಹೇಳಬೇಕು.

"ಹೇಗಿದೆಯೇ?"

"ಹಸಿರಾಗಿದೆ ಅತ್ತಿಗೆ."

ಒಂದು ಮಳೆಗಾಲ ಕಳೆಯಿತು, ಇನ್ನೊಂದು ಕಳೆಯಿತು. ನಾನು ಹೇಳುತ್ತಿದ್ದದ್ದು ನಿಜವೇ ಆಗಿತ್ತು. ಮೂರನೆಯ ವರ್ಷ ಒಂದು ಬೆಳಿಗ್ಗೆ ಮರದ ತುದಿ ತುಕ್ಕು ಬಣ್ಣಕ್ಕೆ ತಿರುಗಿದ್ದು ಕಂಡಿತು. ಮೇಷ್ಟ್ರಿಗೆ ವರ್ಗವಾಗಿತ್ತು, ಆ ತಿಂಗಳು ಮೇಲೆ ಹೋಗುವವರೂ ಯಾರೂ ಇರಲಿಲ್ಲ. ಅತ್ತಿಗೆಯ ಕಣ್ಣಿನ ಆಪರೇಷನ್ನಿಗೆ ದಿನ ನಿಗದಿಯಾಗಿತ್ತು. ಅದು ಮುಗಿಯಲಿ, ಈಗಲೇ ಹೇಳಿ ಕೊಲ್ಲುವುದು ಯಾಕೆ ಎಂದುಕೊಂಡೆ. "ಹಸಿರಾಗಿದೆ" ಎಂದೆ. ಮರುದಿನವೂ ಅದನ್ನೇ ಹೇಳಿದೆ. ಮೂರು ವಾರ ಹೇಳಿದೆ.

ಆಪರೇಷನ್ನಿಗೆ ಎರಡು ದಿನ ಇರುವಾಗ ಅತ್ತಿಗೆ ಬ್ರಷ್ಷನ್ನು ತಟ್ಟೆಯಲ್ಲಿಟ್ಟು ನನ್ನ ಮುಂಗೈ ಹಿಡಿದರು.

"ಸಾಹೇಬರು ಅವತ್ತು ಕೇಳ್ದಾಗ ನೀನು ಇಲ್ಲ ಅಂದೆ. ನಾನು ಸುಮ್ನಿದ್ದೆ. ಈಗ ಕೇಳ್ತಿರೋದು ನಾನು. ಹಸಿರು ಅನ್ನೋವಾಗ ನಿನ್ನ ದನಿ ಯಾಕೆ ಈಚೀಚೆಗೆ ಅಷ್ಟು ಜೋರು?"

ನನ್ನ ಚಾಳಿ ಅವರಿಗೆ ಗೊತ್ತಿಲ್ಲದ್ದೇ? "ತುದಿ ಕೆಂಪಾಗಿದೆ ಅತ್ತಿಗೆ. ಮೂರು ವಾರ ಆಯ್ತು" ಎಂದು ಅಲ್ಲೇ ಅತ್ತುಬಿಟ್ಟೆ.

ಅವರು ಮರಕ್ಕಾಗಿ ಅಳುತ್ತಾರೆ ಎಂದುಕೊಂಡಿದ್ದೆ. "ಮೂರು ವಾರಾನಾ?" ಎಂದು ಚೀರಿದರು. "ಬೀಜದ ಕಾಲ ಕಣೇ ಇದು! ಸಾಯೋ ಮರ ಮೈತುಂಬಾ ಬೀಜ ಕಟ್ಟುತ್ತೆ. ನೆಲಕ್ಕೆ ಬಿದ್ದಿದ್ದನ್ನ ಮುಟ್ಟೋ ಹಾಗಿಲ್ಲ, ಆ ಮಣ್ಣು ಕೆಟ್ಟಿದೆ. ಮರದ ಮೇಲಿಂದಾನೇ ಇಳಿಸ್ಬೇಕು. ಓಡು, ಓಡು, ಯಾರನ್ನಾದ್ರೂ ಹತ್ತಿಸು!"

ಅಂದೇ ಮಧ್ಯಾಹ್ನ ಹಗ್ಗ ಕಟ್ಟಿ ಹತ್ತುವ ಕಾವಲುಗಾರರಿಬ್ಬರು ಮೇಲೆ ಹೋದರು. ಸಂಜೆ ಒದ್ದೆ ಪಾಚಿಯಲ್ಲಿ ಸುತ್ತಿ ಒಂದು ಪೊಟ್ಟಣ ತಂದರು. ಬುಡದ ಸುತ್ತ ನೆಲವೆಲ್ಲ ಬೀಜ, ಕಾಲಿಡಲು ಜಾಗವಿರಲಿಲ್ಲ, ಕೊಂಬೆಯಲ್ಲಿ ಉಳಿದದ್ದು ಇಷ್ಟೇ ಎಂದರು. ಅತ್ತಿಗೆ ಪೊಟ್ಟಣವನ್ನು ಬಿಚ್ಚಿ ಬೀಜವನ್ನು ನನ್ನ ಅಂಗೈಗೆ ಸುರಿದರು. ಒಂದು ಹಿಡಿಯೂ ತುಂಬಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಬೆಯಲ್ಲಿ ಬೇಯಿಸಿದ ಮಣ್ಣು, ಮೇಲೆ ಶುದ್ಧವಾದ ಆರು ಮರಗಳ ಬುಡದ ಚಿಟಿಕೆ ಮಣ್ಣು, ಹೊಸ ಕುಂಡ. ಹನ್ನೊಂದು ಮೊಳೆತವು. ಮರ ಈಗ ಪೂರ್ತಿ ಒಣಗಿ ನಿಂತಿದೆ. ಅತ್ತಿಗೆಗೆ ಆಪರೇಷನ್ನಾಗಿ ಕಣ್ಣು ಚೆನ್ನಾಗಿ ಕಾಣುತ್ತದೆ, ಆದರೂ ಗೇಟಿನ ಒಳಗೆ ಹೊಸ ಸಸಿಗಳಿರುವ ಜಾಗಕ್ಕೆ ಅವರು ಕಾಲಿಡುವುದಿಲ್ಲ, ನನ್ನನ್ನೇ ಕಳಿಸುತ್ತಾರೆ. ಬೂಟು ತೊಳೆಸಿಕೊಂಡು, ಅಂಗೈ ತೋರಿಸಿ ಒಳಗೆ ಹೋಗುತ್ತೇನೆ. ಹಿಂದೆಲ್ಲ ಸಸಿಗಳು ಬಾಡತೊಡಗುತ್ತಿದ್ದ ಎಂಟನೇ ತಿಂಗಳು ನಡೆಯುತ್ತಿದೆ.

ಇವತ್ತು ಬೆಳಿಗ್ಗೆ ಹೊರಗೆ ಬಂದಾಗ ಅವರು ಸ್ಟೂಲಿನಿಂದ ಎದ್ದು ನಿಂತಿದ್ದರು.

"ಎಷ್ಟಿವೆಯೇ?"

ನಿನ್ನೆ ಹನ್ನೊಂದು ಇದ್ದವು. ದನಿ ಏರಿಸದೆ, "ಹತ್ತು ಅತ್ತಿಗೆ" ಎಂದೆ.